ಗಾಯದ ಪಟ್ಟಿ ಲೋಳೆಯಾಗಿದೆ, ಅದು ಕೀವೇ? ಕಡಲಪಾಚಿಯೂ ಕ್ಯಾಲ್ಸಿಯಂ ಕೂಡಿ ಮಾಡುವ ಕೆಲಸ

ಪುಣೆಯ ಧನಕವಡಿಯಲ್ಲಿ, ಕಾತ್ರಜದಿಂದ ಸ್ವಾರಗೇಟಿನ ಕಡೆಗೆ ಹೋಗುವ ಸಾತಾರಾ ರಸ್ತೆಗೆ ಹೊಂದಿಕೊಂಡು ಭಾರತೀ ವಿದ್ಯಾಪೀಠದ ಆವರಣವಿದೆ. ಅಲ್ಲಿ ಆಸ್ಪತ್ರೆಯೂ ಇದೆ, ದಂತ ಕಾಲೇಜೂ ಇದೆ. ಮನೆಯ ಹಿರಿಯರಿಗೆ ಹಲ್ಲಿನ ಸೆಟ್ ಮಾಡಿಸಲು ನೀವು ಇಂಥ ಯಾವುದೇ ದಂತ ಕಾಲೇಜಿಗೆ ಹೋದರೂ ಮೊದಮೊದಲ ಭೇಟಿಯಲ್ಲೇ ಬಾಯಿಯ ಅಳತೆ ತೆಗೆಯುತ್ತಾರೆ. ವೈದ್ಯರು ರಬ್ಬರ್ ಬಟ್ಟಲಲ್ಲಿ ಪುಡಿಗೆ ನೀರು ಹಾಕಿ ಬೇಗಬೇಗ ಕಲಸಿ, ಟ್ರೇಯಲ್ಲಿ ತುಂಬಿ ಬಾಯೊಳಗೆ ಒತ್ತಿ ಹಿಡಿಯುತ್ತಾರೆ. ಇಡ್ಲಿ ಹಿಟ್ಟಿನಂತಿದ್ದದ್ದು ಎರಡು ಮೂರು ನಿಮಿಷದಲ್ಲಿ ರಬ್ಬರಿನಂತಾಗಿ, ಹಲ್ಲು ಮತ್ತು ವಸಡಿನ ಅಚ್ಚನ್ನು ಹೊತ್ತು ಹೊರಬರುತ್ತದೆ.

ಆ ಪುಡಿಯ ಹೆಸರು ಆಲ್ಜಿನೇಟ್. ಕಂದು ಬಣ್ಣದ ಕಡಲಪಾಚಿಯಿಂದ ತೆಗೆದದ್ದು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ, ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣಿಗೆ ನರ್ಸ್ ಇಡುವ ಬಿಳಿ ಹತ್ತಿಯಂಥ ಒಂದು ಬಗೆಯ ಪಟ್ಟಿಯೂ ಅದೇ. ಎದೆಯುರಿಗೆ ಊಟದ ಮೇಲೆ ಕುಡಿಯುವ ಕೆಲವು ಸಿರಪ್‌ಗಳಲ್ಲಿ ಇರುವುದೂ ಅದೇ. ಮೂರೂ ಕಡೆ ನಡೆಯುವ ಕೆಲಸ ಒಂದೇ: ನೀರಿನಲ್ಲಿರುವ ಉದ್ದನೆಯ ಎಳೆಗಳನ್ನು ಕ್ಯಾಲ್ಸಿಯಂ ಒಂದಕ್ಕೊಂದು ಕಟ್ಟಿಹಾಕುತ್ತದೆ, ಅಥವಾ ಆ ಕಟ್ಟು ಸಡಿಲಗೊಳ್ಳುತ್ತದೆ. ಇದು ಬರೀ ರಸಾಯನಶಾಸ್ತ್ರದ ಕುತೂಹಲವಲ್ಲ. ಮನೆಯಲ್ಲಿ ಪಟ್ಟಿ ಬಿಚ್ಚಿದಾಗ ಒಳಗೆ ಹಳದಿ ಲೋಳೆ ಕಂಡು, ಕೀವು ತುಂಬಿತು ಎಂದು ಗಾಬರಿಯಾಗುವವರು ಬಹಳ. ಒಳ್ಳೆಯ ಪಟ್ಟಿಯನ್ನು ಎಸೆದು ಅರಿಶಿನ ಮೆತ್ತುವವರಿದ್ದಾರೆ. ನಿಜವಾಗಿಯೂ ಕೀವು ತುಂಬಿದಾಗ ‘ಇದು ಪಟ್ಟಿಯ ಲೋಳೆ’ ಎಂದು ಸುಮ್ಮನಿರುವವರೂ ಇದ್ದಾರೆ. ಎರಡೂ ತಪ್ಪಬೇಕಾದರೆ ಆ ಲೋಳೆ ಎಲ್ಲಿಂದ ಬರುತ್ತದೆ ಎಂಬುದು ತಿಳಿದಿರಬೇಕು.

ಎಳೆ ಮತ್ತು ಗಂಟು

ಕಂದು ಪಾಚಿಗಳು ಅಲೆಯ ಹೊಡೆತದಲ್ಲೇ ಬದುಕುವಂಥವು. ಮುರಿಯದೆ ಬಾಗಬೇಕು, ನೀರು ಇಳಿದಾಗ ಬಿಸಿಲಿಗೆ ತಕ್ಷಣ ಒಣಗಬಾರದು. ಆ ಗುಣ ಕೊಡುವುದು ಅವುಗಳ ಕೋಶಗಳ ಗೋಡೆಯಲ್ಲಿರುವ ಆಲ್ಜಿನೇಟ್. ಅದನ್ನು ಮೊದಲು ಬೇರ್ಪಡಿಸಿದವರು ಸ್ಕಾಟ್ಲೆಂಡಿನ ಪಾಚಿಯ ಮೇಲೆ ಕೆಲಸ ಮಾಡಿದ ರಸಾಯನತಜ್ಞ ಸ್ಟ್ಯಾನ್‌ಫರ್ಡ್. ಅವರು ಪೇಟೆಂಟ್ ಪಡೆದದ್ದು 1881ರಲ್ಲಿ. ನಮ್ಮ ದೇಶದಲ್ಲಿ ಇದಕ್ಕೆ ಬಳಸುವುದು ಮುಖ್ಯವಾಗಿ ಸಾರ್ಗಾಸಮ್ ಮತ್ತು ಟರ್ಬಿನೇರಿಯಾ ಎಂಬ ಪಾಚಿಗಳನ್ನು. ತಮಿಳುನಾಡಿನ ಮನ್ನಾರ್ ಕೊಲ್ಲಿಯ ಕಡೆ ಇವನ್ನು ಸಂಗ್ರಹಿಸುತ್ತಾರೆ. ಕಾರವಾರದ ಬಂಡೆಗಳ ಮೇಲೂ ಸಾರ್ಗಾಸಮ್ ಬೆಳೆಯುತ್ತದೆ.

ಆಲ್ಜಿನೇಟ್ ಎಂದರೆ ಸಕ್ಕರೆಯ ಜಾತಿಯ ಎರಡು ಬಗೆಯ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಒಂದು ಮಣಿ ಮ್ಯಾನ್ಯುರೋನಿಕ್ ಆಮ್ಲ, ಇನ್ನೊಂದು ಗುಲುರೋನಿಕ್ ಆಮ್ಲ. ತಜ್ಞರು ಅವನ್ನು ಚಿಕ್ಕದಾಗಿ ‘ಎಂ’ ಮತ್ತು ‘ಜಿ’ ಎನ್ನುತ್ತಾರೆ. ಪ್ರತಿ ಮಣಿಯ ಮೇಲೂ ಒಂದು ಋಣ ವಿದ್ಯುತ್ ಅಂಶವಿದೆ. ಅದರ ಜೊತೆಗೆ ಸೋಡಿಯಂ ಇದ್ದರೆ ಸರಗಳು ನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತವೆ. ನೀರು ಗಂಜಿಯಂತೆ ಮಂದವಾಗುತ್ತದೆ, ಅಷ್ಟೇ. ಸೋಡಿಯಂಗೆ ಇರುವುದು ಒಂದೇ ಕೈ. ಅದು ಒಂದು ಸರವನ್ನಷ್ಟೇ ಹಿಡಿಯಬಲ್ಲದು.

ಕ್ಯಾಲ್ಸಿಯಂಗೆ ಎರಡು ಕೈ. ಒಂದು ಕೈಯಲ್ಲಿ ಈ ಸರ, ಇನ್ನೊಂದರಲ್ಲಿ ಆ ಸರ. ಆದರೆ ಕೈಗಳ ಲೆಕ್ಕವೊಂದೇ ಸಾಲದು. ಮೆಗ್ನೀಸಿಯಂಗೂ ಎರಡು ಕೈಗಳಿವೆ, ಅದು ಆಲ್ಜಿನೇಟನ್ನು ಗಟ್ಟಿ ಮಾಡುವುದಿಲ್ಲ. ‘ಜಿ’ ಮಣಿಗಳು ಸಾಲಾಗಿ ಬಂದ ಕಡೆ ಸರ ಅಂಕುಡೊಂಕಾಗಿ ಮಡಚಿ ಸಣ್ಣ ಸಣ್ಣ ಗುಳಿಗಳಾಗುತ್ತವೆ. ಆ ಗುಳಿಯಲ್ಲಿ ಕ್ಯಾಲ್ಸಿಯಂ ಹದವಾಗಿ ಕೂರುತ್ತದೆ. ಮೆಗ್ನೀಸಿಯಂ ಗಾತ್ರದಲ್ಲಿ ಚಿಕ್ಕದು, ತನ್ನ ಸುತ್ತಲಿನ ನೀರನ್ನು ಬಿಗಿಯಾಗಿ ಅಪ್ಪಿಕೊಂಡಿರುವಂಥದು. ಅದಕ್ಕೆ ಈ ಗುಳಿ ಹೊಂದುವುದಿಲ್ಲ. ಕಿರಾಣಿ ಅಂಗಡಿಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಮೊಟ್ಟೆಯ ಟ್ರೇಗಳನ್ನು ನೆನೆಯಿರಿ. ಕೆಳಗಿನ ಟ್ರೇಯ ಗುಳಿ, ಮೇಲಿನ ಟ್ರೇಯ ಗುಳಿ, ನಡುವೆ ಮೊಟ್ಟೆ. ಮೊಟ್ಟೆಯ ಜಾಗದಲ್ಲಿ ಕ್ಯಾಲ್ಸಿಯಂ. 1973ರಲ್ಲಿ ವಿಜ್ಞಾನಿಗಳು ಈ ವಿವರಣೆ ಕೊಟ್ಟಾಗ ಅದನ್ನು ‘ಮೊಟ್ಟೆ ಪೆಟ್ಟಿಗೆ ಮಾದರಿ’ ಎಂದೇ ಕರೆದರು. ಹೀಗೆ ಅಲ್ಲಲ್ಲಿ ಗಂಟು ಬಿದ್ದ ಬಲೆಯೊಳಗೆ ನೀರು ಸಿಕ್ಕಿಕೊಳ್ಳುತ್ತದೆ. ಅದೇ ಜೆಲ್. ತೂಕದಲ್ಲಿ ಅದರ ಬಹುಪಾಲು ನೀರೇ.

ಬೇರಿಯಂ, ಸೀಸದಂಥ ಲೋಹಗಳು ಕ್ಯಾಲ್ಸಿಯಂಗಿಂತಲೂ ಬಿಗಿಯಾಗಿ ಕಟ್ಟುತ್ತವೆ. ಆದರೆ ಅವು ದೇಹಕ್ಕೆ ವಿಷ. ಔಷಧದಲ್ಲಿ ಕ್ಯಾಲ್ಸಿಯಂಗೇ ಪಟ್ಟ ಕಟ್ಟಿರುವುದು ಅದಕ್ಕೇ.

ಅಡುಗೆಮನೆಯ ಚೈನಾ ಗ್ರಾಸ್ ಕೂಡ ಪಾಚಿಯದೇ. ಆದರೆ ಅದು ತಣ್ಣಗಾದರೆ ಗಟ್ಟಿ, ಬಿಸಿ ಮಾಡಿದರೆ ಮತ್ತೆ ನೀರು. ಅಲ್ಲಿ ಲೋಹದ ಕೆಲಸವಿಲ್ಲ. ಕ್ಯಾಲ್ಸಿಯಂ ಕಟ್ಟಿದ ಆಲ್ಜಿನೇಟ್ ಬಿಸಿಗೆ ಕರಗುವುದಿಲ್ಲ. ಅದನ್ನು ಬಿಡಿಸಬೇಕಾದರೆ ಗಂಟನ್ನೇ ಬಿಚ್ಚಬೇಕು, ಅಂದರೆ ಕ್ಯಾಲ್ಸಿಯಂ ಕಿತ್ತು ಆ ಜಾಗಕ್ಕೆ ಸೋಡಿಯಂ ತರಬೇಕು. ಈ ಮಾತು ನೆನಪಿರಲಿ, ಗಾಯದ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ದಂತವೈದ್ಯರ ಅವಸರ

ಹಲ್ಲಿನ ಅಳತೆಯ ಪುಡಿಯಲ್ಲಿ ಆಲ್ಜಿನೇಟ್ ಜೊತೆಗೇ ಕ್ಯಾಲ್ಸಿಯಂ ಸಲ್ಫೇಟ್ ಇರುತ್ತದೆ. ಇದು ಜಿಪ್ಸಂ ಜಾತಿಯದು. ಎರಡೂ ಒಣಗಿದ್ದಾಗ ಏನೂ ಆಗುವುದಿಲ್ಲ. ನೀರು ಬಿದ್ದ ಕ್ಷಣದಿಂದ ಗಂಟು ಬೀಳಲು ಶುರು. ಹಾಗೇ ಬಿಟ್ಟರೆ ಬಟ್ಟಲಿನಲ್ಲೇ ಗಟ್ಟಿಯಾದೀತು. ಅದಕ್ಕೇ ಸ್ವಲ್ಪ ಸೋಡಿಯಂ ಫಾಸ್ಫೇಟ್ ಬೆರೆಸಿರುತ್ತಾರೆ. ಮೊದಲು ಬಿಡುಗಡೆಯಾಗುವ ಕ್ಯಾಲ್ಸಿಯಂ ಅನ್ನು ಫಾಸ್ಫೇಟ್ ಹಿಡಿದುಕೊಂಡು ತಡೆಯುತ್ತದೆ. ಫಾಸ್ಫೇಟ್ ಮುಗಿದ ಮೇಲೆಯೇ ಆಲ್ಜಿನೇಟಿನ ಸರದಿ. ಆ ನಡುವಿನ ಸಮಯದಲ್ಲಿ ವೈದ್ಯರು ಕಲಸಿ, ತುಂಬಿ, ಬಾಯಿಗಿಡಬೇಕು. ಸಾಮಾನ್ಯ ಬಗೆಯದು ಕಲಸಲು ಶುರು ಮಾಡಿದ 2ರಿಂದ 4.5 ನಿಮಿಷದೊಳಗೆ, ಬೇಗ ಗಟ್ಟಿಯಾಗುವ ಬಗೆಯದು 1ರಿಂದ 2 ನಿಮಿಷದೊಳಗೆ ಗಟ್ಟಿಯಾಗುತ್ತದೆ. ನೀರು ಬೆಚ್ಚಗಿದ್ದಷ್ಟೂ ಬೇಗ. ಏಪ್ರಿಲ್-ಮೇ ತಿಂಗಳ ಪುಣೆಯಲ್ಲಿ ತಣ್ಣೀರು ಬಳಸುವುದು ಇದೇ ಕಾರಣಕ್ಕೆ.

ಹಿಂದೆ ಹಲ್ಲಿನ ಅಳತೆಗೆ ಚೈನಾ ಗ್ರಾಸಿನ ಜಾತಿಯ ಅಗಾರ್ ಬಳಸುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಜಪಾನಿನಿಂದ ಅಗಾರ್ ಬರುವುದು ನಿಂತಾಗ ಆಲ್ಜಿನೇಟ್ ಆ ಜಾಗಕ್ಕೆ ಬಂತು, ಇವತ್ತಿಗೂ ಉಳಿದಿದೆ. ಈಗ ಬಾಯೊಳಗೆ ಕ್ಯಾಮೆರಾ ಹಿಡಿದು ಅಳತೆ ತೆಗೆಯುವ ಸ್ಕ್ಯಾನರ್‌ಗಳು ಬಂದಿವೆಯಾದರೂ ಹೆಚ್ಚಿನ ಕಡೆ ಈ ಅಗ್ಗದ ಪುಡಿಯೇ ಗಟ್ಟಿ.

ನೀವು ಜೊತೆಗೆ ಹೋಗುವವರಾದರೆ ಇಷ್ಟು ಮಾಡಿ. ವಾಂತಿ ಬಂದಂತಾಗುವ ಸ್ವಭಾವವಿದ್ದರೆ, ಯಾವುದಾದರೂ ಹಲ್ಲು ಅಲ್ಲಾಡುತ್ತಿದ್ದರೆ, ಮೂಗು ಕಟ್ಟಿದ್ದರೆ ಮೊದಲೇ ಹೇಳಿ. ಟ್ರೇ ಬಾಯಲ್ಲಿರುವಾಗ ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ ಮೂಗಿನಿಂದ ಉಸಿರಾಡಲು ಹಿರಿಯರಿಗೆ ತಿಳಿಸಿ, ಅವರ ಭಾಷೆಯಲ್ಲೇ. ಮರಾಠಿ ಬಾರದ ಅಜ್ಜಿಗೆ ಟ್ರೇ ಬಾಯಲ್ಲಿಟ್ಟ ಮೇಲೆ ‘ಹಾಲೂ ನಕಾ’ ಎಂದರೆ ಹಾಲು ಕುಡಿಯಬೇಡ ಎಂದು ಕೇಳಿಸೀತು; ಅಲ್ಲಾಡಬೇಡಿ ಎಂಬುದು ಅದರ ಅರ್ಥ. ಗಂಟು ಬೀಳುತ್ತಿರುವ ಹೊತ್ತಿನಲ್ಲಿ ಅಲ್ಲಾಡಿದರೆ ಬಲೆ ಹರಿದು ಅಚ್ಚು ಕೆಡುತ್ತದೆ. ಸೆಟ್ ಸಡಿಲವಾಗುವುದಕ್ಕೆ, ವಸಡು ಒತ್ತುವುದಕ್ಕೆ ಕೆಟ್ಟ ಅಚ್ಚೂ ಒಂದು ಕಾರಣ. ಅಚ್ಚು ತೆಗೆದ ಕೂಡಲೇ ಅದನ್ನು ಹಿಡಿದು ವೈದ್ಯರು ಒಳಗೆ ಓಡಿದರೆ ಬೇಸರ ಬೇಡ. ಜೆಲ್‌ನೊಳಗಿನ ನೀರು ಆರಿದರೆ ಅಚ್ಚು ಕುಗ್ಗುತ್ತದೆ, ಆದ್ದರಿಂದ ತಡಮಾಡದೆ ಅದರೊಳಗೆ ಪ್ಲಾಸ್ಟರ್ ಸುರಿಯಬೇಕು.

ಗಾಯದ ಮೇಲೆ ಆಗುವುದು ಉಲ್ಟಾ

ಬಾಯಲ್ಲಿ ಸೋಡಿಯಂ ಹೋಗಿ ಕ್ಯಾಲ್ಸಿಯಂ ಬಂದು ಗಟ್ಟಿಯಾಯಿತು. ಗಾಯದಲ್ಲಿ ಹಾಗಲ್ಲ. ಆಲ್ಜಿನೇಟ್ ಡ್ರೆಸ್ಸಿಂಗ್ ಅನ್ನು ಕಾರ್ಖಾನೆಯಲ್ಲೇ ಕ್ಯಾಲ್ಸಿಯಂನಿಂದ ಕಟ್ಟಿ, ಒಣಗಿದ ನಾರು ಮಾಡಿರುತ್ತಾರೆ. ನೋಡಲು ಹತ್ತಿಯ ಹಾಳೆ, ಅಥವಾ ಬತ್ತಿಯಂಥ ಹುರಿ. ಗಾಯದಿಂದ ಒಸರುವ ದ್ರವದಲ್ಲಿ ರಕ್ತದಲ್ಲಿರುವಂತೆಯೇ ಸೋಡಿಯಂ ಧಾರಾಳ. ರಕ್ತದ ಒಂದು ಲೀಟರಿನಲ್ಲಿ ಸೋಡಿಯಂ 135ರಿಂದ 145 ಮಿಲಿಮೋಲ್ ಇದ್ದರೆ ಕ್ಯಾಲ್ಸಿಯಂ ಸುಮಾರು 2.5. ಬಲ ಸಾಲದಿದ್ದರೂ ಸೋಡಿಯಂನದು ಸಂಖ್ಯೆಯಲ್ಲಿ ಮೇಲುಗೈ. ಅದು ನಾರಿನೊಳಗೆ ನುಗ್ಗಿ ಕ್ಯಾಲ್ಸಿಯಂ ಅನ್ನು ಒಂದೊಂದಾಗಿ ಹೊರಹಾಕುತ್ತದೆ. ಗಂಟು ಸಡಿಲವಾಗಿ, ನಾರು ನೀರು ಕುಡಿದು ಉಬ್ಬಿ, ಲೋಳೆಯಾಗುತ್ತದೆ. ತನ್ನ ತೂಕದ 15-20 ಪಟ್ಟು ದ್ರವವನ್ನು ಹೀರಿಕೊಳ್ಳಬಲ್ಲದು.

ಅಂದರೆ ಪಟ್ಟಿ ಬಿಚ್ಚಿದಾಗ ಕಾಣುವ ಲೋಳೆ, ಪಟ್ಟಿ ತನ್ನ ಕೆಲಸ ಮಾಡಿದ್ದರ ಗುರುತು. ಅದು ಹಳದಿಯಾಗಿರಬಹುದು, ಕಂದಾಗಿರಬಹುದು, ಸ್ವಲ್ಪ ವಾಸನೆಯೂ ಇರಬಹುದು. ಒಳಗೆ ಹೀರಿರುವುದು ಗಾಯದ ದ್ರವವನ್ನೇ ತಾನೆ. ಹಾಗಾದರೆ ಕೀವು ಹೌದೋ ಅಲ್ಲವೋ ತಿಳಿಯುವುದು ಹೇಗೆ? ತೊಳೆಯುವ ಮೊದಲು ತೀರ್ಮಾನ ಮಾಡಬೇಡಿ. ನರ್ಸ್ ಕೊಟ್ಟ ಸಲೈನ್‌ನಿಂದ ಲೋಳೆಯನ್ನೆಲ್ಲ ತೊಳೆದು, ಆಮೇಲೆ ಗಾಯವನ್ನು ನೋಡಿ, ಆಮೇಲೆ ಮೂಸಿ. ಲೋಳೆ ಹೋದ ಮೇಲೆ ಗಾಯದ ತಳ ಕೆಂಪಗೆ, ಒದ್ದೆಯಾಗಿ, ಶುದ್ಧವಾಗಿ ಕಂಡರೆ ಗಾಬರಿ ಬೇಡ. ತೊಳೆದ ಮೇಲೂ ಕೆಟ್ಟ ವಾಸನೆ ಉಳಿದರೆ, ಮತ್ತೆ ಮತ್ತೆ ಮಂದವಾದ ಕೀವು ಬಂದರೆ, ಸುತ್ತಲಿನ ಚರ್ಮ ಕೆಂಪಾಗಿ ಬಿಸಿಯಾಗಿದ್ದರೆ, ಆ ಕೆಂಪು ದಿನದಿಂದ ದಿನಕ್ಕೆ ಹರಡಿದರೆ, ನೋವು ಏರಿದರೆ, ಜ್ವರ ಬಂದರೆ ಅದು ಸೋಂಕು. ಅದೇ ದಿನ ವೈದ್ಯರಲ್ಲಿಗೆ ಹೋಗಿ. ಸಕ್ಕರೆ ಕಾಯಿಲೆಯಲ್ಲಿ ನರ ಸತ್ತ ಕಾಲಿಗೆ ನೋವೇ ಗೊತ್ತಾಗದು, ಆದ್ದರಿಂದ ‘ನೋವಿಲ್ಲವಲ್ಲ’ ಎಂಬ ಸಮಾಧಾನಕ್ಕೆ ಅಲ್ಲಿ ಬೆಲೆಯಿಲ್ಲ. ಕಾರಣವಿಲ್ಲದೆ ಸಕ್ಕರೆ ಏರಿದ್ದರೆ ಅದೂ ಒಂದು ಸುಳಿವು. ಪುಣೆಯ ಆಸ್ಪತ್ರೆಯಲ್ಲಿ ನರ್ಸ್ ‘ಪೂ ಆಹೆ’ ಎಂದರೆ ಕೀವು ಇದೆ ಎಂದರ್ಥ. ‘ಪೂ ನಾಹೀ, ಜೆಲ್ ಆಹೆ’ ಎಂದರೆ ನಿಶ್ಚಿಂತೆಯಿಂದಿರಿ.

ಸಲೈನ್‌ನಿಂದಲೇ ಏಕೆ ತೊಳೆಯಬೇಕು ಎಂಬುದಕ್ಕೂ ಉತ್ತರ ಅದೇ ಸೋಡಿಯಂ. ಒಂದು ಲೀಟರ್ ಸಲೈನ್‌ನಲ್ಲಿ 9 ಗ್ರಾಂ ಉಪ್ಪು ಇರುತ್ತದೆ. ಉಳಿದ ಕ್ಯಾಲ್ಸಿಯಂ ಗಂಟುಗಳನ್ನೂ ಅದು ಸಡಿಲಿಸುತ್ತದೆ, ಲೋಳೆ ನೋವಿಲ್ಲದೆ ಜಾರಿ ಬರುತ್ತದೆ. ಬೋರ್‌ವೆಲ್ಲಿನ ಗಡುಸು ನೀರಿನಲ್ಲಿ ಇರುವುದು ಕ್ಯಾಲ್ಸಿಯಂ. ಗಂಟು ಬಿಚ್ಚುವ ಕೆಲಸಕ್ಕೆ ಅದು ಬಾರದು. ಪಟ್ಟಿಯ ಯಾವುದಾದರೂ ಭಾಗ ಒಣಗಿ ಅಂಟಿಕೊಂಡಿದ್ದರೆ ಎಳೆಯಬೇಡಿ. ಸಲೈನ್ ಸುರಿದು ಕೆಲವು ನಿಮಿಷ ಕಾಯಿರಿ.

ಅಂಟಿಕೊಂಡಿದೆ ಎಂದರೆ ಇನ್ನೊಂದು ಅರ್ಥವೂ ಇದೆ. ಗಾಯದಲ್ಲಿ ಈಗ ಅಷ್ಟು ದ್ರವವಿಲ್ಲ, ಈ ಪಟ್ಟಿಯ ಕಾಲ ಮುಗಿದಿರಬಹುದು. ಸೋಡಿಯಂ ತರುವ ದ್ರವವೇ ಇಲ್ಲದಿದ್ದರೆ ಆಲ್ಜಿನೇಟ್ ಬರೀ ಒಣ ನಾರು. ಗಾಯದ ಇದ್ದಬದ್ದ ತೇವವನ್ನೂ ಹೀರಿ ಒಣಗಿಸುತ್ತದೆ. ಒಣ ಗಾಯಕ್ಕೆ, ಕಪ್ಪಗೆ ಚರ್ಮದಂತೆ ಗಟ್ಟಿಯಾದ ಹಕ್ಕಳೆಯ ಮೇಲೆ ಇದನ್ನು ಹಾಕಬಾರದು. ಪಕ್ಕದ ಮನೆಯವರಿಗೆ ಒಳ್ಳೆಯದಾಯಿತೆಂದು ಮೆಡಿಕಲ್ ಅಂಗಡಿಯಿಂದ ನೀವೇ ತಂದು ಹಾಕುವ ವಸ್ತು ಇದಲ್ಲ.

ಹಾಕುವಾಗ ಪಟ್ಟಿಯನ್ನು ಒದ್ದೆ ಮಾಡಬೇಡಿ, ಒಣಗಿದ್ದಂತೆಯೇ ಇಡಿ. ಗಾಯದ ದ್ರವಕ್ಕೆಂದು ಇರುವ ಜಾಗ ಮೊದಲೇ ನೀರಿನಿಂದ ತುಂಬಿಹೋಗಬಾರದು. ಆಳವಾದ ಗಾಯಕ್ಕೆ ಹುರಿಯನ್ನು ಸಡಿಲವಾಗಿ ಇಡಬೇಕು. ಉಬ್ಬುವ ವಸ್ತುವಾದ್ದರಿಂದ ಬಿಗಿಯಾಗಿ ತುರುಕಿದರೆ ಒಳಗಿನಿಂದ ಒತ್ತಡ ಬೀಳುತ್ತದೆ. ಎಷ್ಟು ತುಂಡು ಒಳಗಿಟ್ಟಿರಿ ಎಂಬುದನ್ನು ಬರೆದಿಡಿ; ತೆಗೆಯುವಾಗ ಎಣಿಸಿ. ಒಂದು ತುಂಡು ಒಳಗೇ ಉಳಿದರೆ ಗಾಯ ಮಾಗುವುದು ತಡವಾಗುತ್ತದೆ. ಮೇಲೆ ಇನ್ನೊಂದು ಮುಚ್ಚುವ ಪಟ್ಟಿ ಬೇಕೇ ಬೇಕು. ಬದಲಿಸುವುದು ದಿನಕ್ಕೊಮ್ಮೆಯೋ ಎರಡು ಮೂರು ದಿನಕ್ಕೊಮ್ಮೆಯೋ ಎಂಬುದು ದ್ರವ ಎಷ್ಟು ಬರುತ್ತದೆ ಎನ್ನುವುದರ ಮೇಲಿದೆ. ಮೇಲಿನ ಪಟ್ಟಿಗೂ ತೇವ ಮುಟ್ಟಿತು ಎಂದರೆ ಬದಲಿಸುವ ಹೊತ್ತು.

ಒಂದು ಕಂಪನಿಯ ಪಟ್ಟಿ ಇಡಿಯಾಗಿ ಹಾಳೆಯಂತೆ ಎದ್ದು ಬರುತ್ತದೆ, ಇನ್ನೊಂದರದು ಲೋಳೆಯಾಗಿ ತೊಳೆದೇ ಹೋಗುತ್ತದೆ. ಎರಡನೆಯದು ನಕಲಿ ಇರಬೇಕೆಂದು ಅನುಮಾನಪಡಬೇಡಿ. ‘ಜಿ’ ಮಣಿ ಹೆಚ್ಚಿದ್ದರೆ ಗಂಟು ಬಲವಾಗಿರುತ್ತದೆ, ಪಟ್ಟಿ ಆಕಾರ ಉಳಿಸಿಕೊಳ್ಳುತ್ತದೆ. ‘ಎಂ’ ಹೆಚ್ಚಿದ್ದರೆ ಮೆತ್ತಗಾಗುತ್ತದೆ. ಯಾವ ಪಾಚಿಯ ಯಾವ ಭಾಗದಿಂದ ತೆಗೆದದ್ದು ಎಂಬುದರ ಮೇಲೆ ಇದು ನಿಂತಿದೆ. ಸಸ್ಯಾಹಾರಿ ಮನೆಗಳಲ್ಲಿ ಕೆಲವರು ಇದು ಪ್ರಾಣಿಯದೇ ಎಂದು ಕೇಳುತ್ತಾರೆ. ಆಲ್ಜಿನೇಟ್ ಪಾಚಿಯದು, ಪ್ರಾಣಿಯದಲ್ಲ.

ಬಿಡುಗಡೆಯಾದ ಕ್ಯಾಲ್ಸಿಯಂ ಕೂಡ ವ್ಯರ್ಥವಾಗುವುದಿಲ್ಲ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು, ಆದ್ದರಿಂದ ಗಾಯ ಕೆರೆದು ಶುದ್ಧ ಮಾಡಿದ ಮೇಲೆ ಜಿನುಗುವ ರಕ್ತಕ್ಕೆ ಈ ಪಟ್ಟಿ ನೆರವಾಗುತ್ತದೆ. ಜಿನುಗುವ ರಕ್ತಕ್ಕೆ ಮಾತ್ರ. ಧಾರೆಯಾಗಿ ಹರಿಯುವ ರಕ್ತಕ್ಕೆ ಗಟ್ಟಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಓಡಬೇಕು. ಬೆಳ್ಳಿ ಸೇರಿಸಿದ ಆಲ್ಜಿನೇಟ್ ಪಟ್ಟಿಗಳೂ ಸಿಗುತ್ತವೆ. ಅಲ್ಲಿನ ಬೆಳ್ಳಿ ಇರುವುದು ಸೂಕ್ಷ್ಮಾಣುಗಳನ್ನು ಕೊಲ್ಲಲು, ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಿ.

ಬೆಲೆಯ ವಿಷಯ ಮುಚ್ಚಿಡಬೇಕಾಗಿಲ್ಲ. ಸಾದಾ ಗಾಜ್ ಪಟ್ಟಿಗಿಂತ ಇದು ಎಷ್ಟೋ ದುಬಾರಿ. ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣು ಇದರಿಂದ ಬೇರೆ ಪಟ್ಟಿಗಳಿಗಿಂತ ಬೇಗ ವಾಸಿಯಾಗುತ್ತದೆಯೇ ಎಂದು ಕಾಕ್ರೇನ್ ಸಂಸ್ಥೆ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ನೋಡಿತು. ಹಾಗೆ ಹೇಳಲು ಪುರಾವೆ ಸಿಗಲಿಲ್ಲ. ಹೆಚ್ಚು ದ್ರವ ಬರುವ ಗಾಯದಲ್ಲಿ ಪದೇ ಪದೇ ಬಿಚ್ಚುವ ಕಷ್ಟ ತಪ್ಪುತ್ತದೆ, ಬಿಚ್ಚುವಾಗ ನೋವು ಕಡಿಮೆ. ನಾನು ಇದಕ್ಕೆ ಕೊಡುವ ಬೆಲೆ ಇಷ್ಟೇ. ಹುಣ್ಣಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು, ಸಕ್ಕರೆ ಹತೋಟಿ, ಕಾಲಿನ ರಕ್ತ ಸಂಚಾರದ ಪರೀಕ್ಷೆ, ಇವುಗಳ ಜಾಗವನ್ನು ಯಾವ ಪಟ್ಟಿಯೂ ತುಂಬುವುದಿಲ್ಲ. ಈ ಪಟ್ಟಿ ಕೊಳ್ಳಲು ಕೈ ಹಿಡಿತವಾಗುತ್ತಿದೆ ಎಂದಾದರೆ ವೈದ್ಯರಿಗೆ ನೇರವಾಗಿ ಹೇಳಿ, ಬೇರೆ ದಾರಿಗಳಿವೆ.

ಹೊಟ್ಟೆಯಲ್ಲಿ ತೇಲುವ ತೆಪ್ಪ

ಎದೆಯುರಿಯ ಸಿರಪ್‌ನಲ್ಲಿ ಸೋಡಿಯಂ ಆಲ್ಜಿನೇಟ್, ಅಡುಗೆ ಸೋಡಾ, ಕ್ಯಾಲ್ಸಿಯಂ ಕಾರ್ಬೊನೇಟ್ ಒಟ್ಟಿಗಿರುತ್ತವೆ. ಜಠರದ ಆಮ್ಲ ತಾಗಿದೊಡನೆ ಆಲ್ಜಿನೇಟ್ ಗಟ್ಟಿಯಾಗತೊಡಗುತ್ತದೆ. ಆಮ್ಲಕ್ಕೆ ಕರಗಿ ಬಂದ ಕ್ಯಾಲ್ಸಿಯಂ ಅದಕ್ಕೆ ಬಿಗಿ ಕೊಡುತ್ತದೆ. ಸೋಡಾದಿಂದ ಎದ್ದ ಗಾಳಿಯ ಗುಳ್ಳೆಗಳು ಜೆಲ್‌ನೊಳಗೆ ಸಿಕ್ಕಿ ಅದನ್ನು ತೇಲಿಸುತ್ತವೆ. ಹೀಗೆ ಊಟದ ಮೇಲೆ ಒಂದು ತೆಪ್ಪ ನಿಂತು, ಆಮ್ಲ ಅನ್ನನಾಳಕ್ಕೆ ಉಕ್ಕದಂತೆ ಮುಚ್ಚಳವಾಗುತ್ತದೆ. ತೆಪ್ಪ ತೇಲಲು ಕೆಳಗೆ ಏನಾದರೂ ಇರಬೇಕಲ್ಲ? ಅದಕ್ಕೇ ಊಟದ ನಂತರ ಮತ್ತು ಮಲಗುವಾಗ ಕುಡಿಯಿರಿ ಎನ್ನುವುದು. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಬೇಗನೆ ಕೆಳಗೆ ಜಾರಿಹೋಗುತ್ತದೆ. ಕುಡಿದ ಮೇಲೆ ಮತ್ತೆ ತಿನ್ನಲು ಕೂರಬೇಡಿ.

ಇದರಲ್ಲಿ ಉಪ್ಪಿನಂಶ ಕಡಿಮೆಯೇನಲ್ಲ. 10 ಮಿಲಿಲೀಟರ್ ಸಿರಪ್‌ನಲ್ಲಿ 100 ಮಿಲಿಗ್ರಾಂಗೂ ಹೆಚ್ಚು ಸೋಡಿಯಂ ಇರುವುದುಂಟು. ಹೃದಯ ವೈಫಲ್ಯಕ್ಕೋ ಮೂತ್ರಪಿಂಡದ ಕಾಯಿಲೆಗೋ ಉಪ್ಪು ಕಡಿಮೆ ಮಾಡಲು ಹೇಳಿದ್ದರೆ, ಮೂತ್ರಪಿಂಡದಲ್ಲಿ ಕಲ್ಲು ಆಗಿದ್ದರೆ, ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಕೇಳಿಯೇ ಕುಡಿಯಿರಿ. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ, ಕೆಲವು ಆ್ಯಂಟಿಬಯೋಟಿಕ್‌ಗಳನ್ನು ಕ್ಯಾಲ್ಸಿಯಂ ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡಬಲ್ಲದು, ಹಾಗಾಗಿ ನಡುವೆ ಎರಡು ಗಂಟೆಯ ಅಂತರವಿರಲಿ.

ಎದೆಯ ನಡುವೆ ಹಿಂಡಿದಂತೆ ನೋವಾಗಿ ಅದು ಎಡತೋಳಿಗೋ ದವಡೆಗೋ ಹರಡಿದರೆ, ಜೊತೆಗೆ ಬೆವರು, ಏದುಸಿರು ಇದ್ದರೆ ಸಿರಪ್ ಬಾಟಲಿ ಹುಡುಕುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಆಂಬ್ಯುಲೆನ್ಸ್ ಸಂಖ್ಯೆ ಅದೇ.